ಬಾಯಿಯಿಂದ ಊದಿದ ಚೆಂಡು

ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ. ಎಪ್ಪತ್ತರ ದಶಕದಲ್ಲಿ ಅದರ ಜೊತೆಗೆ ಒಂದು ಎಂ.ಎ. ಪದವಿಯೂ ಸೇರಿಕೊಂಡಿತು. ಕೇಳಬೇಕೆ? ನಾಲತವಾಡದ ಒಕ್ಕಲುತನದ ಮನೆಯಿಂದ ಧಾರವಾಡಕ್ಕೆ ಹೋಗಿ ಸಮಾಜಶಾಸ್ತ್ರ ಓದಿದ ಮೊದಲ ಹುಡುಗಿ ನಾನು. ರಜೆಗೆ ಊರಿಗೆ ಬಂದಾಗಲೆಲ್ಲ ಅಪ್ಪನನ್ನೂ ಕಾಕಾಗಳನ್ನೂ ಕೂರಿಸಿಕೊಂಡು ಜಾತಿಯ ಬಗ್ಗೆ ಬುದ್ಧಿ ಹೇಳುತ್ತಿದ್ದೆ. ಅವರು ಎಲೆ ಅಡಿಕೆ ಮೆಲ್ಲುತ್ತ ಪೂರ್ತಿ ಕೇಳಿ, ಆಮೇಲೆ ಜೋಳ ಈ ವರ್ಷ ಹೇಗಿದೆ ಎಂದು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಿದ್ದರು.

ಓದು ಮುಗಿದ ಮೇಲೆ ನಮ್ಮ ಗುರುಗಳು ಒಂದು ಸಮೀಕ್ಷೆಯ ಕೆಲಸ ಕೊಟ್ಟರು. ಅದರ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಲು ಆಗುತ್ತಿರಲಿಲ್ಲ. ಬಿಡಿಸಿ ಹೇಳಿದರೆ ಇಷ್ಟು: ಆಟದ ಸಾಮಾನು ತಯಾರಿಸಿ ಬದುಕುವವರಿಗೆ ಸಣ್ಣ ಊರುಗಳಲ್ಲಿ ಏನೇನು ಅಡಚಣೆಗಳಿವೆ, ಮತ್ತು ಸಾಲಿಯ, ಎಂದರೆ ಶಾಲೆಯ, ಆಟದಿಂದ ದೂರ ದೂರ ಇರುವ ಜನ ಹತ್ತಿರ ಬರುತ್ತಾರೋ ಇಲ್ಲವೋ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳು ನನ್ನ ಪಾಲಿಗೆ ಬಂದವು. ಮೂರು ವಾರ ಬಸ್ಸಿನ ಧೂಳು ಕುಡಿದೆ. ಮುದ್ದೇಬಿಹಾಳದಲ್ಲಿ ಒಬ್ಬ ಬಡಿಗ ಹಿಂದೆ ಕ್ರಿಕೆಟ್ ಬ್ಯಾಟು ಮಾಡುತ್ತಿದ್ದನಂತೆ, ಈಗ ಬಿತ್ತುವ ಕೂರಿಗೆ ಮಾಡುತ್ತಿದ್ದ. ಸಾಲೋಟಗಿಯಲ್ಲಿ ಬಲೆ ಹೆಣೆಯುವವರು ಇದ್ದಾರೆಂದು ಕೇಳಿ ಹೋದರೆ ಅವರು ಹೆಣೆಯುತ್ತಿದ್ದದ್ದು ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆ. ಕೊನೆಗೆ ನಾಲ್ಕು ತಾಲೂಕುಗಳನ್ನು ಜಾಲಾಡಿದರೂ ನನಗೆ ಸಿಕ್ಕವರು ಒಬ್ಬರೇ.

ಅವರು ಇದ್ದದ್ದು ಸಿಂದಗಿಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಪತ್ರಾಸ್ ತಗಡಿನ ಶೆಡ್ಡಿನಲ್ಲಿ. ವಾಲಿಬಾಲ್ ಹೊಲಿಯುತ್ತಿದ್ದರು. ಊರವರ ಬಾಯಲ್ಲಿ ಅವರು ‘ಚೆಂಡಿನಾಂವ’. ವಯಸ್ಸು ನಲವತ್ತೈದರ ಆಚೀಚೆ. ಅವರದು ಹಿಂದಿನಿಂದ ತೊಗಲಿನ ಕೆಲಸದ ಮನೆತನ, ಅವರು ಹರೆಯದಲ್ಲಿದ್ದಾಗ ಮನೆಯವರೆಲ್ಲ ಬೌದ್ಧರಾಗಿದ್ದರು. ಶೆಡ್ಡಿನ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಹದ ಮಾಡಿದ ಚರ್ಮದ ಸುರುಳಿಗಳು. ಪುಣೆಯ ಒಂದು ಅಂಗಡಿಯಲ್ಲಿ ಹತ್ತು ವರ್ಷ ಚೆಂಡು ಹೊಲಿದು, ಕೆಲಸ ಕಲಿತು, ಸ್ವಂತ ಊರಲ್ಲೇ ಬದುಕಬೇಕೆಂದು ಹಟ ಮಾಡಿ ಬಂದಿದ್ದರು. ನಾನು ಅವರನ್ನು ಮೊದಲ ದಿನವೇ ‘ಕಾಕಾ’ ಎಂದು ಕರೆದೆ, ಹಾಗೆ ಕರೆದದ್ದಕ್ಕೆ ನನ್ನನ್ನು ನಾನೇ ಮೆಚ್ಚಿಕೊಂಡೆ.

ನಾಲ್ಕು ದಿನ ಅಲ್ಲೇ ಒಂದು ಗೋಣಿಚೀಲದ ಮೇಲೆ ಕುಳಿತು ನೋಡಿದೆ. ಕಾಕಾನ ಹೆಂಡತಿ ಚರ್ಮ ಕತ್ತರಿಸುತ್ತಿದ್ದರು, ಒಂದು ಚೆಂಡಿಗೆ ಹದಿನೆಂಟು ತುಂಡು. ಇವರು ಮೇಣ ಸವರಿದ ದಾರಕ್ಕೆ ಎರಡು ಸೂಜಿ ಪೋಣಿಸಿ, ಚೆಂಡನ್ನು ಒಳಮೈ ಹೊರಗೆ ಮಾಡಿ ಹೊಲಿದು, ಆಮೇಲೆ ಒಂದು ಸಣ್ಣ ಸೀಳಿನಿಂದ ಇಡೀ ಚೆಂಡನ್ನು ತಿರುವಿ ಹಾಕುತ್ತಿದ್ದರು. ಅದರೊಳಗೆ ರಬ್ಬರಿನ ಚೀಲ, ಅದಕ್ಕೆ ಬ್ಲಾಡರ್ ಎನ್ನುತ್ತಾರೆ. ಅದರ ಮೂತಿ ಹೊರಗೆ ಉಳಿದಿರುತ್ತದೆ. ಗೋಡೆಗೆ ಒಂದು ಸೈಕಲ್ ಪಂಪು ನೇತುಹಾಕಿತ್ತು. ನನ್ನ ಸಮೀಕ್ಷೆಯ ಕಾಗದದಲ್ಲಿ ಯಾವ ಯಂತ್ರ ಬಳಸುತ್ತೀರಿ ಎಂಬ ಪ್ರಶ್ನೆ ಇತ್ತು, ನಾನು ಪಂಪು ಎಂದು ಬರೆದುಕೊಳ್ಳಲು ಹೋದೆ. ಕಾಕಾ ಕೈ ಅಡ್ಡ ಹಿಡಿದು, ಅದು ಕಟ್ಟಕಡೆಗೆ, ಚೆಂಡು ಗಟ್ಟಿಯಾಗುವುದಕ್ಕೆ ಮಾತ್ರ ಅಂದರು. ಮೊದಲು ಬ್ಲಾಡರಿನ ಮೂತಿಯನ್ನು ಬಾಯಲ್ಲಿಟ್ಟು ಊದಿದರು. ಅರ್ಧಕ್ಕೆ ನಿಲ್ಲಿಸಿದರು. ಅಂಗೈಯಿಂದ ಚೆಂಡಿನ ಒಂದು ಪಕ್ಕೆಯನ್ನು ಒತ್ತಿದರು. ಮತ್ತೆ ಊದಿದರು.

“ಪಂಪಿನ ಗಾಳಿ ಗಡಿಬಿಡಿ ಮಾಡಿ ಹೋಗ್ತೈತ್ರಿ ಅಕ್ಕಾರ. ಒಳಗ ಬ್ಲಾಡರ್ ಎಲ್ಲಿ ಮಡಚಿ ಕುಂತೈತಿ ಅಂತ ಅದಕ್ಕೇನ್ ಗೊತ್ತು? ಬಾಯಿಗೆ ಗೊತ್ತಾಗ್ತೈತಿ.”

ಆ ಮಾತಿಗೆ ನಾನು ಮರುಳಾಗಿ ಹೋದೆ, ಬಾಯಿಗೆ ಹೇಗೆ ಗೊತ್ತಾಗುತ್ತದೆ ಎಂದು ಮತ್ತೆ ಮತ್ತೆ ಕೇಳಿದೆ. ವಿಜಾಪುರದ ಅಂಗಡಿಯ ಚೆಂಡುಗಳು ಹೊಡೆದರೆ ಗಾಳಿಯಲ್ಲಿ ಒಂದು ಕಡೆಗೆ ವಾಲುತ್ತವೆ, ಇವರದು ನೆಟ್ಟಗೆ ಹೋಗುತ್ತದೆ ಎಂದು ಆಡುವ ಹುಡುಗರು ಹೇಳಿದ್ದು ಯಾಕೆಂದು ಆಗ ತಿಳಿಯಿತು. ಎರಡು ಪುಟ ಬರೆದುಕೊಂಡೆ.

ಅವರ ಬದುಕೆಲ್ಲ ಆಗ ಹನ್ನೆರಡು ಚೆಂಡುಗಳ ಮೇಲೆ ನಿಂತಿತ್ತು. ಸಿಂದಗಿಯಿಂದ ಇಂಡಿಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಊರು, ಹೆಸರು ಬೇಡ. ಅಲ್ಲಿನ ಹೈಸ್ಕೂಲಿನ ಹೆಡ್‌ಮಾಸ್ತರರು ನಾಲ್ಕೂ ತಾಲೂಕುಗಳ ವಾಲಿಬಾಲ್ ಪಂದ್ಯಗಳ ಉಸ್ತುವಾರಿ ಹೊತ್ತಿದ್ದರು. ಪಂದ್ಯ ಆ ವರ್ಷ ಬಸವನ ಬಾಗೇವಾಡಿಯಲ್ಲಿ. ಪಂದ್ಯಕ್ಕೆ ಈ ಹನ್ನೆರಡು ಚೆಂಡು ಹೋದರೆ, ಬಂದ ಸಾಲಿಗಳೆಲ್ಲ ನೋಡುತ್ತವೆ, ಮುಂದಿನ ವರ್ಷದಿಂದ ಇವರ ಹತ್ತಿರವೇ ತರಿಸುತ್ತವೆ. ಹೋಗದಿದ್ದರೆ ಮತ್ತೆ ಪುಣೆ, ಮತ್ತೆ ಇನ್ನೊಬ್ಬರ ಅಂಗಡಿ. ಇದನ್ನು ನನಗೆ ಹೇಳಿದವರು ಅವರ ಹೆಂಡತಿ. ಪುಣೆಯ ಹೆಸರು ಹೇಳುವಾಗ ಅವರ ಮುಖ ಸಣ್ಣದಾಯಿತು. ಅಲ್ಲಿ ಒಂದು ಕೋಣೆಯಲ್ಲಿ ಮೂರು ಸಂಸಾರ ಇದ್ದವಂತೆ.

ಆ ಹೆಡ್‌ಮಾಸ್ತರರು ಒಳ್ಳೆಯವರು, ಜಾಣರು. ಗೌಡರ ಮನೆಯ ಹುಡುಗರನ್ನೂ, ಅಂಗಡಿಕಾರರ ಹುಡುಗರನ್ನೂ, ಬೌದ್ಧರ ಓಣಿಯ ಹುಡುಗರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದ್ದರು, ಒಂದೇ ತಂಡದಲ್ಲಿ ಆಡಿಸುತ್ತಿದ್ದರು. ಮೊದಲು ಊರಲ್ಲಿ ಗುಸುಗುಸು ಆಗಿತ್ತಂತೆ. ಆಟದಲ್ಲಿ ಯಾರೂ ಯಾರ ಮನೆಯಲ್ಲೂ ಉಣ್ಣುವುದಿಲ್ಲ, ನಡುವೆ ಬಲೆ ಬೇರೆ ಇದೆ ಎಂದು ನಗಿಸಿ ನಗಿಸಿ ಒಪ್ಪಿಸಿದ್ದರು. ಸಾಲಿಯ ಕಮಿಟಿಯ ಹಿರಿಯರು ಆ ಊರಿನ ಗೌಡರು. ಅವರ ಮಗನೇ ತಂಡದ ಕ್ಯಾಪ್ಟನ್. ದಸರೆಯ ಖಂಡೆಪೂಜೆಯ ದಿನ ಸಾಲಿಯಲ್ಲಿ ಸರಸ್ವತಿಯ ಪಟದ ಮುಂದೆ ಪುಸ್ತಕ, ಗಂಟೆಯ ಜೊತೆಗೆ ಒಂದು ವಾಲಿಬಾಲನ್ನೂ ಇಟ್ಟು ಕುಂಕುಮ ಹಚ್ಚುತ್ತಿದ್ದರು. ಚೆಂಡು ಹೊಲಿದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಹದವಾದ ತೊಗಲಿಗೆ ಮೈಲಿಗೆ ಇಲ್ಲ, ದೇವರ ನಗಾರಿಯೂ ತೊಗಲೇ ಅಲ್ಲವೇ ಎಂದು ಗೌಡರೇ ಹಿಂದೊಮ್ಮೆ ಅಂದಿದ್ದರಂತೆ.

ಕಮಿಟಿ ಕೂಡಿದ ದಿನ ನನ್ನನ್ನೂ ಕರೆದಿದ್ದರು. ಹನ್ನೆರಡು ಚೆಂಡು ಮೇಜಿನ ಮೇಲಿದ್ದವು. ಗೌಡರು ಒಂದನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿ ನೋಡಿ, ತಲೆದೂಗಿದರು. ಎಲ್ಲ ಮುಗಿದಂತೆಯೇ ಆಗಿತ್ತು. ಸುಮ್ಮನಿರಬಹುದಿತ್ತು. ಆದರೆ ನಾನು ಧಾರವಾಡದಲ್ಲಿ ಓದಿದವಳು, ನಾಲ್ಕು ದಿನ ಗೋಣಿಚೀಲದ ಮೇಲೆ ಕುಳಿತು ತಿಳಿದುಕೊಂಡವಳು. ಆ ಮನುಷ್ಯನನ್ನು ಹೊಗಳಲೇಬೇಕಿತ್ತು ನನಗೆ.

“ಪಂಪು ಆಮ್ಯಾಲ್ರಿ ಗೌಡ್ರ. ಮೊದಲ ಅವರು ಬಾಯಿಲೆ ಊದ್ತಾರ. ಅದಕ್ಕ ಇವು ಇಷ್ಟ ದುಂಡಗ ಅದಾವು” ಅಂದೆ.

ಗೌಡರ ಹೆಬ್ಬೆರಳು ನಿಂತಿತು. ಚೆಂಡನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು, ಕೈಯನ್ನು ಧೋತರಕ್ಕೆ ಒರೆಸಿಕೊಂಡರು. ಹೆಡ್‌ಮಾಸ್ತರರು ಕಿಟಕಿಯ ಕಡೆ ನೋಡುತ್ತಿದ್ದರು. ಎಂಜಲಾಯಿತಲ್ಲ, ಇನ್ನು ಸರಸ್ವತಿಯ ಮುಂದೆ ಹೇಗಿಡುವುದು ಎಂದು ಗೌಡರು ಬಹಳ ಸಣ್ಣ ದನಿಯಲ್ಲಿ ಕೇಳಿದರು. ನನಗೆ ಸಿಟ್ಟು ನೆತ್ತಿಗೇರಿತು.

“ಸತ್ತ ದನದ ತೊಗಲಿಗೆ ಮೈಲಿಗಿ ಇಲ್ಲ, ಬದುಕಿದ ಮನಷ್ಯಾನ ಉಸುರಿಗೆ ಐತೇನ್ರಿ?”

ಮಾತು ಚೆನ್ನಾಗಿತ್ತು, ಈಗಲೂ ಹಾಗೇ ಅನ್ನಿಸುತ್ತದೆ. ಆದರೆ ಒಬ್ಬೊಬ್ಬರೇ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಎರಡು ದಿನದ ಮೇಲೆ ಇಂಡಿ ಕಡೆಯಿಂದ ಬಂದ ಬಸ್ಸಿನ ಟಾಪಿನ ಮೇಲಿಂದ ಕ್ಲೀನರ್ ಒಂದು ಚೀಲ ಇಳಿಸಿ ಕಾಕಾನ ಶೆಡ್ಡಿಗೆ ತಂದು ಹಾಕಿದ. ಒಳಗೆ ಹನ್ನೆರಡೂ ಚೆಂಡು, ಗಾಳಿ ತೆಗೆದು ಚಪ್ಪಟೆ ಮಾಡಿದ್ದವು.

ನಾನು ಅದೇ ಬಸ್ಸು ತಿರುಗಿ ಹೋಗುವಾಗ ಹತ್ತಿ ಹೆಡ್‌ಮಾಸ್ತರರ ಮನೆಗೇ ಹೋದೆ. ಬಾಗಿಲಲ್ಲಿ ನಿಂತೇ ಬಾಯಿಗೆ ಬಂದದ್ದು ಅಂದೆ. ನಿಮ್ಮ ಬೆಂಚು, ನಿಮ್ಮ ತಂಡ, ನಿಮ್ಮ ಸುಧಾರಣೆ ಎಲ್ಲ ಬೂಟಾಟಿಕೆ ಅಂದೆ. ಅವರು ಸಮಾಧಾನದಿಂದ ಕೇಳಿದರು, ಚಹಾ ತರಿಸಿದರು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಮಾತಾಡಿದರು.

“ಅಕ್ಕಾರ, ಅದು ಎಲ್ಲಾರಿಗೂ ಗೊತ್ತಿತ್ರಿ. ಗೌಡ್ರು ಸಿಂದಗಿ ಸ್ಟ್ಯಾಂಡಿನ್ಯಾಗ ಬಸ್ಸಿಗೆ ನಿಂತಾಗ ತಾವ ಕಣ್ಣಿಲೆ ನೋಡ್ಯಾರ. ಯಾರೂ ಅಂದಿರಲಿಲ್ಲ, ಅಷ್ಟ. ನಾಕ ಮಂದ್ಯಾಗ ಅಂದ ಮ್ಯಾಲ ಅವರು ಏನರೆ ಮಾಡಾಕ ಬೇಕಲ್ರಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮವ್ವ ದಿನಕ್ಕೆ ನಾಲ್ಕು ಸಲ ಅನ್ನುತ್ತಿದ್ದಳು. ಅದು ಹೆಣ್ಣುಮಕ್ಕಳ ಬಾಯಿ ಮುಚ್ಚಿಸಲು ಮಾಡಿದ ಗಾದೆ ಎಂದು ನಾನು ಅವಳ ಜೊತೆಗೂ ಜಗಳ ಆಡಿದ್ದೆ. ಆ ದಿನ ಮಾತ್ರ ಚಹಾದ ಕಪ್ಪನ್ನು ಕುಡಿಯದೆ ಹಾಗೇ ಕೆಳಗಿಟ್ಟೆ. ಆ ಊರಿನಲ್ಲಿ ಗೊತ್ತಿರುವುದು ಬೇರೆ, ಅನ್ನುವುದು ಬೇರೆ. ಎರಡರ ನಡುವಿನ ಸಣ್ಣ ಜಾಗದಲ್ಲಿ ಕಾಕಾ ಬದುಕು ಕಟ್ಟಿಕೊಂಡಿದ್ದರು, ಹೆಡ್‌ಮಾಸ್ತರರು ಸಾಲಿ ನಡೆಸಿದ್ದರು. ನಾನು ಹೋಗಿ ಅದರ ಮೇಲೆ ಕಾಲಿಟ್ಟಿದ್ದೆ.

ಮರುದಿನ ತಪ್ಪು ಒಪ್ಪಿಕೊಳ್ಳಲು ಶೆಡ್ಡಿಗೆ ಹೋದೆ. ಸುದ್ದಿ ನನಗಿಂತ ಮೊದಲೇ ಬಂದಿತ್ತು. ಕಾಕಾ ಮುಖ ಗಂಟು ಹಾಕಿಕೊಂಡಿರಲಿಲ್ಲ. ಚಪ್ಪಟೆಯಾದ ಚೆಂಡುಗಳನ್ನು ಒಂದೊಂದಾಗಿ ತೆಗೆದು, ಹೊಲಿಗೆ ಸಡಿಲವಾಗಿದೆಯೇ ನೋಡುತ್ತ, ಒಂದನ್ನು ಊದುತ್ತಿದ್ದರು. ನಾನು ನಿಂತೇ ಎಲ್ಲ ಹೇಳಿದೆ, ನನ್ನ ಬಾಯಿಂದಲೇ ಹೀಗಾಯಿತು ಅಂದೆ. ಅವರು ಕೇಳಿದರು, ಹೂಂ ಅಂದರು, ಆಮೇಲೆ ಏನೋ ಯೋಚಿಸಿ, ಬ್ಲಾಡರಿನ ಮೂತಿಯನ್ನು ಬಾಯಿಂದ ತೆಗೆದು ನನ್ನ ಕಡೆ ಚಾಚಿದರು.

“ಹ್ಯಾಂಗ ಗೊತ್ತಾಗ್ತೈತಿ ಅಂತ ಕೇಳಿದ್ರಲ್ಲ. ಊದಿ ನೋಡ್ರಿ.”

ನಾನು ಚೆಂಡನ್ನು ಇಸಿದುಕೊಂಡೆ. ಮೂತಿ ಒದ್ದೆಯಾಗಿತ್ತು. ನನ್ನ ಕೈ ನನ್ನನ್ನು ಕೇಳಲೇ ಇಲ್ಲ, ಸೆರಗನ್ನು ಎಳೆದು ಮೂತಿಯನ್ನು ಒರೆಸಿತು. ಒರೆಸಿದ ಮೇಲೆಯೇ ನನಗೆ ಗೊತ್ತಾದದ್ದು. ತಲೆ ಎತ್ತಲು ಆಗಲಿಲ್ಲ. ಹಾಗೇ ಬಾಯಿಗಿಟ್ಟು ಊದಿದೆ, ಕೆನ್ನೆ ಉಬ್ಬಿತು, ಚೆಂಡು ಉಬ್ಬಲಿಲ್ಲ. ಪುಸುಪುಸು ಸದ್ದು ಬಂತು. ಕಾಕಾನ ಹೆಂಡತಿ ಕತ್ತರಿ ಕೆಳಗಿಟ್ಟರು.

ಮೂತಿ ಒಣಗಿದರೆ ತುಟಿ ಹಿಡಿಯುವುದಿಲ್ಲ, ಗಾಳಿ ಸೋರುತ್ತದೆ, ಹಸಿ ಇರಬೇಕು ಎಂದು ಕಾಕಾ ಸಹಜವಾಗಿ ಹೇಳಿದರು. ನಾನು ನಾಲಿಗೆಯಿಂದ ಒದ್ದೆ ಮಾಡಿಕೊಂಡು ಮತ್ತೆ ಊದಿದೆ. ಈ ಸಲ ಚೆಂಡು ಎದ್ದಿತು. ಅವರು ನೋಡಿಲ್ಲ, ನೋಡಿದ್ದರೂ ಅವರಿಗೆ ಅದು ಬರೀ ಕೆಲಸದ ವಿಷಯ ಎಂದುಕೊಂಡು ನಾನು ಸಮಾಧಾನ ಪಟ್ಟುಕೊಂಡೆ. ಬ್ಲಾಡರ್ ಎಲ್ಲಿ ಮಡಚಿದೆ ಎಂಬುದು ನನ್ನ ಬಾಯಿಗೇನೂ ತಿಳಿಯಲಿಲ್ಲ.

ಆ ಒಂದು ಚೆಂಡು ಊದಿದ ಹಮ್ಮಿನಲ್ಲಿ ಸಂಜೆ ಹೆಡ್‌ಮಾಸ್ತರರಲ್ಲಿಗೆ ಮತ್ತೆ ಹೋದೆ. ನಾನೂ ಊದಿದೆ, ನನಗೇನೂ ಆಗಿಲ್ಲ ಎಂದು ತೋರಿಸಿಕೊಳ್ಳುವ ಹುಕಿ. ಅವರ ಕಣ್ಣುಗಳು ಹೊಳೆದವು. ಹನ್ನೆರಡನ್ನೂ ನೀವೇ ಊದಿದ್ದೀರಿ ಎಂದು ಗೌಡರಿಗೆ ಹೇಳಬಹುದೇ ಎಂದು ಕೇಳಿದರು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಇಬ್ಬರೂ ಗೌಡರ ಮನೆಗೆ ಹೋದೆವು, ನಾನೇ ನನ್ನ ಬಾಯಾರೆ ಸುಳ್ಳು ಹೇಳಿದೆ. ಗೌಡರು ನನ್ನ ಮನೆತನ ಕೇಳಿದರು, ಅಪ್ಪನ ಹೆಸರು ಕೇಳಿದರು, ಸಂಬಂಧದ ಎಳೆಯೊಂದನ್ನೂ ಹುಡುಕಿ ತೆಗೆದರು. ದೊಡ್ಡ ಭಾರ ಇಳಿದವರ ಹಾಗೆ, ಹಾಗಾದರೆ ಅಡ್ಡಿಯಿಲ್ಲ, ನಾಳೆಯೇ ಕಳಿಸಲಿ ಅಂದರು.

ಬೆಳಗ್ಗೆ ಎದ್ದವಳೇ ಶೆಡ್ಡಿಗೆ ಓಡಿದೆ. ಕೆಲಸ ಹಣ್ಣಾಯಿತು, ಪುಣೆಗೆ ಹೋಗುವುದು ಬೇಡ ಎಂದು ಏದುಸಿರು ಬಿಡುತ್ತ ಎಲ್ಲ ಹೇಳಿದೆ. ಕಾಕಾ ಸೂಜಿಗೆ ದಾರ ಪೋಣಿಸುತ್ತಿದ್ದರು, ಪೋಣಿಸುತ್ತಲೇ ಇದ್ದರು. ಮಾತಾಡಿದ್ದು ಅವರ ಹೆಂಡತಿ. ಪುಣೆಗೆ ಹೋಗುವುದೆಂದರೆ ಹೆದರುತ್ತಿದ್ದ ಅದೇ ಹೆಣ್ಣುಮಗಳು.

“ಅಂದ್ರ ನಿಮ್ಮ ಬಾಯಿ ನಡೀತು, ಇವರ ಬಾಯಿ ನಡೀಲಿಲ್ಲ. ಹಿಂಗ ಚೆಂಡು ಕೊಟ್ಟು ಬದುಕೂದಾದ್ರ ಪುಣೆನ ಚಲೋ ಐತ್ರಿ ಅಕ್ಕಾರ.”

ಕೆನ್ನೆಗೆ ಹೊಡೆಸಿಕೊಂಡಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಹೌದಲ್ಲ, ನಾನು ಮಾಡಿದ್ದೇನು? ಅವರ ಉಸಿರು ಎಂಜಲೆಂದು ಗೌಡರು ಅಂದಿದ್ದರು, ನಾನು ಅದಕ್ಕೆ ಸಹಿ ಹಾಕಿ ಬಂದಿದ್ದೆ. ಕಾಕಾ ಸೂಜಿ ಚುಚ್ಚಿಟ್ಟು ಎದ್ದರು. ಊದಿಟ್ಟಿದ್ದ ಹನ್ನೆರಡೂ ಚೆಂಡುಗಳ ಗಾಳಿ ತೆಗೆದು ಚೀಲಕ್ಕೆ ತುಂಬಿದರು, ಪಂಪನ್ನು ಗೋಡೆಗೇ ಬಿಟ್ಟರು. ಇಂಡಿ ಬಸ್ಸು ಎಷ್ಟು ಗಂಟೆಗೆ ಎಂದು ಮಾತ್ರ ನನ್ನನ್ನು ಕೇಳಿದರು.

ಸಾಲಿ ಮುಟ್ಟಿದಾಗ ಡ್ರಿಲ್ ಪಿರಿಯಡ್ಡು ನಡೆದಿತ್ತು. ಕಾಕಾ ಯಾರನ್ನೂ ಕೇಳದೆ ಬಾವುಟದ ಕಟ್ಟೆಯ ಮೆಟ್ಟಿಲ ಮೇಲೆ ಕುಳಿತು ಮೊದಲ ಚೆಂಡು ತೆಗೆದರು. ಹೆಡ್‌ಮಾಸ್ತರರು ಹೊರಗೆ ಬಂದು, ನೋಡಿ, ನನ್ನ ಮುಖ ನೋಡಿ, ಹಣೆ ಒರೆಸಿಕೊಂಡರು. ಚೆಂಡು ತೆಗೆದುಕೊಳ್ಳಲು ಗೌಡರೂ ಬಂದಿದ್ದರು, ಅವರಿಗೆ ಕುರ್ಚಿ ಹಾಕಿದ್ದರು. ಕಾಕಾ ಅವರಿಗೆ ಕೈ ಮುಗಿದರು.

“ಇವನ್ನ ಅಕ್ಕಾರ ಊದಿಲ್ರಿ ಗೌಡ್ರ. ನಾನ ಊದಾಂವ. ನಿಮ್ಮ ಮುಂದ ಊದ್ತೇನಿ. ಬ್ಯಾಡಾದ್ರ ಹೇಳ್ರಿ, ಚೀಲ ಕಟ್ಟಿಕೊಂಡು ಹೋಗ್ತೇನಿ.”

ಮೂತಿ ಬಾಯಿಗಿಟ್ಟು ಊದಿದರು. ಅರ್ಧಕ್ಕೆ ನಿಲ್ಲಿಸಿದರು, ಪಕ್ಕೆ ಒತ್ತಿದರು. ಹುಡುಗರೆಲ್ಲ ಕವಾಯತು ಬಿಟ್ಟು ಸುತ್ತ ನೆರೆದರು. ಗೌಡರು ಕುರ್ಚಿಯ ಕೈ ಹಿಡಿದು ಕುಳಿತರು. ಗೌಡರು ಒಂದು ಮಾತು ಅಂದರೆ ಆ ಗಂಡಹೆಂಡಿರು ವಾರದೊಳಗೆ ಪುಣೆಯ ರೈಲಿನಲ್ಲಿ. ಮೊದಲನೆಯದು ಮುಗಿಯಿತು. ಎರಡನೆಯದಕ್ಕೆ ಕೈ ಹಾಕಿದಾಗ ಗೌಡರ ಮಗ, ಆ ಕ್ಯಾಪ್ಟನ್ ಹುಡುಗ, ಗುಂಪಿನಿಂದ ಮುಂದೆ ಬಂದು ಕುಕ್ಕರಗಾಲಲ್ಲಿ ಕುಳಿತ. ಯಾಕೆ ನಡುನಡುವೆ ನಿಲ್ಲಿಸುತ್ತೀರಿ ಎಂದು ಕೇಳಿದ. ಅವನಿಗೆ ಚೆಂಡಿನ ವಿಷಯ ಬಿಟ್ಟು ಬೇರೇನೂ ತಲೆಯಲ್ಲಿ ಇರಲಿಲ್ಲ. ಕಾಕಾ ಒಳಗಿನ ಮಡಿಕೆಯ ವಿಷಯ ಹೇಳಿ, ನಂಬದಿದ್ದರೆ ನೀನೇ ನೋಡು ಎಂದು ಮೂತಿಯನ್ನು ಅವನ ಕಡೆ ತಿರುಗಿಸಿದರು.

ಹುಡುಗ ಅದನ್ನು ಹಾಗೇ ಬಾಯಲ್ಲಿಟ್ಟುಕೊಂಡು ಊದಿದ. ಕಣ್ಣು ಮುಚ್ಚಿ ಎರಡು ಸಲ ಊದಿ, “ಇಲ್ಲಿ ಐತಿ, ಎಡಕ್ಕ” ಅಂದ. ಸರಿಯಾಗಿತ್ತು. ಬೌದ್ಧರ ಓಣಿಯ ಹುಡುಗನೊಬ್ಬ ತನಗೂ ಕೊಡು ಎಂದು ಚೆಂಡು ಕಸಿದುಕೊಂಡ, ಅವನ ಕೈಯಿಂದ ಇನ್ನೊಬ್ಬ. ಇಬ್ಬರು ಮೂವರು ಹಿಂದೆ ಸರಿದು ನಿಂತರು, ಅದನ್ನೂ ಹೇಳಬೇಕು.

ಗೌಡರು ಎದ್ದರು. ಹೊಲದಲ್ಲಿ ತೊಗರಿ ರಾಶಿ ನಡೆದಿದೆ, ಹೊತ್ತಾಯಿತು ಎಂದು ಹೆಡ್‌ಮಾಸ್ತರರಿಗೆ ಹೇಳಿ, ಮಗನ ಕಡೆ ನೋಡದೆ, ಚೆಂಡಿನ ಕಡೆಯೂ ನೋಡದೆ ಗೇಟು ದಾಟಿದರು. ಬೇಡ ಎಂದು ಮಾತ್ರ ಅನ್ನಲಿಲ್ಲ. ಹೆಡ್‌ಮಾಸ್ತರರು ಅವರ ತಲೆಯ ರುಮಾಲು ತಿರುವಿನಲ್ಲಿ ಮರೆಯಾಗುವ ತನಕ ಕಾದು, ಹನ್ನೆರಡೂ ಚೆಂಡುಗಳನ್ನು ಕಪಾಟಿಗೆ ಹಾಕಿ ಬೀಗ ಜಡಿದರು. ಅವು ಬಾಗೇವಾಡಿಗೆ ಹೋದವು. ಇಂಡಿ ಕಡೆಯ ಎರಡು ಸಾಲಿಗಳು ಮತ್ತೆ ಎಂದೂ ಕಾಕಾನ ಚೆಂಡು ತರಿಸಲಿಲ್ಲ. ಉಳಿದವರು ತರಿಸಿದರು, ಪುಣೆಯ ಮಾತು ನಿಂತಿತು.

ತಿರುಗಿ ಸಿಂದಗಿಗೆ ಬರುವಾಗ ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ನನಗೆ ಖುಷಿಯ ಜೊತೆಗೆ ಸಿಟ್ಟೂ ಆರಿರಲಿಲ್ಲ. ಗೌಡರನ್ನು ಹಿಡಿದು ಜಾಡಿಸಿದೆ. ಕೂತು ನೋಡುವ ಎದೆಗಾರಿಕೆ ಇಲ್ಲದ ಹೇಡಿ, ರಾಶಿಯ ನೆಪ ಹೇಳಿ ಓಡಿಹೋದ, ಇಂಥವರಿಂದಲೇ ಊರು ಹಾಳು ಎಂದೆಲ್ಲ ಅಂದೆ. ಕಾಕಾ ಖಾಲಿ ಚೀಲವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ನಾನು ಎಲ್ಲ ಮುಗಿಸಿದ ಮೇಲೆ, ಬೈಗುಳದ ದನಿಯಲ್ಲಲ್ಲ, ಹೊಲಿಗೆ ಎಣಿಸುವಾಗಿನ ದನಿಯಲ್ಲಿ ಅಂದರು:

“ಗೌಡ್ರು ಎದ್ದು ಹ್ವಾದ್ರು. ನೀವು ಒರಸಿದ್ರಿ. ಆ ಹುಡುಗ ಒರಸಲಿಲ್ಲ ನೋಡ್ರಿ.”

ಅಂದರೆ ಅವರು ಅಂದೇ ನೋಡಿದ್ದರು, ಮೂತಿ ಹಸಿ ಇರಬೇಕೆಂಬ ಮಾತು ಹೇಳಿ ನನ್ನ ಮಾನ ಮುಚ್ಚಿದ್ದರು. ಸಿಂದಗಿ ಬಂದಾಗ ಅವರು ಚೀಲ ಹೆಗಲಿಗೆ ಹಾಕಿಕೊಂಡು ಇಳಿದರು, ನಾನು ಅವರ ಹಿಂದೆ ಇಳಿದೆ.